ಅಪ್ಪ ಬಿಟ್ಟುಹೋದ ಹಳೇ ರಿವಾಲ್ವರ್: ಏನು ಕೆಟ್ಟಿದೆ, ಯಾವುದನ್ನು ಮುಟ್ಟಬಾರದು

ಅಪ್ಪ ತೀರಿಕೊಂಡ ಮೇಲೆ ಬ್ಯಾಡಗಿಯ ಮನೆಯಲ್ಲಿ ಟ್ರಂಕು ತೆಗೆದೆವು. ತಳದಲ್ಲಿ ಹಳೇ ಧೋತರದ ತುಂಡಿನಲ್ಲಿ ಸುತ್ತಿದ ರಿವಾಲ್ವರ್ ಇತ್ತು. ಅದು ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೆಣಸಿನಕಾಯಿ ವ್ಯಾಪಾರದ ರೊಕ್ಕ ಹಿಡಿದುಕೊಂಡು ರಾತ್ರಿ ಬರುವಾಗ ಅಪ್ಪ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ವಯಸ್ಸಾದ ಮೇಲೆ ಅದು ಹೊರಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಖಂಡೇನವಮಿ ಪೂಜೆಗೆ ಮಾತ್ರ.

ನಾನು ಅದನ್ನು ಎತ್ತಿ ಸಿಲಿಂಡರ್, ಅಂದರೆ ಗುಂಡು ತುಂಬುವ ಉರುಳೆ, ತಿರುಗಿಸಲು ನೋಡಿದೆ. ಅಲುಗಲಿಲ್ಲ. ಸ್ವಲ್ಪ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡೆ. ಆ ಒಂದು ನಿಮಿಷದಲ್ಲಿ ನಾನು ಎರಡು ತಪ್ಪು ಮಾಡಿದ್ದೆ. ಗುಂಡು ಇದೆಯೋ ಇಲ್ಲವೋ ತಿಳಿಯದೆ ಮುಟ್ಟಿದ್ದೆ. ನನ್ನ ಹೆಸರಲ್ಲಿ ಲೈಸೆನ್ಸ್ ಇಲ್ಲದ ಬಂದೂಕನ್ನು ರಿಪೇರಿ ಮಾಡಲು ಹೊರಟಿದ್ದೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಸಿಕ್ಕಿದ್ದರೆ ನಾನು ಕಲಿತದ್ದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ಕಾಸು ಖರ್ಚಿಲ್ಲದೆ ನೋಡಬಹುದಾದದ್ದು ಮೊದಲು, ಬಲ್ಲವರ ಕೈಗೇ ಬಿಡಬೇಕಾದದ್ದು ಆಮೇಲೆ.

ಗುಂಡು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ

ಹಾಗಾದರೆ ಇದೆ ಎಂದೇ ತಿಳಿಯಿರಿ. "ಖಾಲಿ ಐತಿ" ಎಂದು ಅಪ್ಪ ಹತ್ತು ವರ್ಷ ಹೇಳಿದ್ದರು. ಜಿಲ್ಲಾ ಸಶಸ್ತ್ರ ಪಡೆಯ ಹವಾಲ್ದಾರರು ಬಂದು ತೆರೆದಾಗ ಸಿಲಿಂಡರಿನಲ್ಲಿ ಗುಂಡು ಕೂರುವ ಆರು ಮನೆಗಳ ಪೈಕಿ ಒಂದರಲ್ಲಿ ಗುಂಡು ಕೂತಿತ್ತು. ಅಪ್ಪ ಸುಳ್ಳು ಹೇಳಿರಲಿಲ್ಲ, ಮರೆತಿದ್ದರು.

ಮುಟ್ಟದೆಯೇ ಒಂದಷ್ಟು ನೋಡಬಹುದು. ರಿವಾಲ್ವರ್ ಎಲ್ಲಿದೆಯೋ ಅಲ್ಲೇ ಇರಲಿ. ಮಕ್ಕಳನ್ನು ಹೊರಗೆ ಕಳಿಸಿ. ಪಕ್ಕದಿಂದ ಬ್ಯಾಟರಿ ಬಿಟ್ಟು ಸಿಲಿಂಡರಿನ ಹಿಂಭಾಗಕ್ಕೂ ಚೌಕಟ್ಟಿಗೂ ನಡುವಿನ ಸಂದಿಯನ್ನು ನೋಡಿ. ಅಲ್ಲಿ ಹಿತ್ತಾಳೆಯ ಅಂಚು ಕಂಡರೆ ಗುಂಡೋ ಖಾಲಿ ತೋಟಾವೋ ಇದೆ ಎಂದರ್ಥ. ಏನೂ ಕಾಣದಿದ್ದರೆ ಖಾಲಿ ಎಂದು ಅರ್ಥವಲ್ಲ. ಕೆಲವು ರಿವಾಲ್ವರುಗಳಲ್ಲಿ ಅಂಚು ಒಳಗೇ ಮುಚ್ಚಿಕೊಂಡಿರುತ್ತದೆ. ನಳಿಗೆಯ ಬಾಯಿಂದ ಇಣುಕಿ ನೋಡುವುದಂತೂ ಯಾವತ್ತೂ ಬೇಡ.

ಎತ್ತಲೇಬೇಕಾದ ಪರಿಸ್ಥಿತಿ ಬಂದರೆ ಬೆರಳು ಟ್ರಿಗರ್‌ನಿಂದ ದೂರ ಇರಲಿ, ನಳಿಗೆ ಯಾರೂ ಇಲ್ಲದ ಕಡೆ ಇರಲಿ. ಹಳೇ ರಿವಾಲ್ವರುಗಳಲ್ಲಿ ಹ್ಯಾಮರಿನ, ಅಂದರೆ ಹಿಂಬದಿಯ ಸಣ್ಣ ಸುತ್ತಿಗೆಯ, ಮೂತಿಯೇ ಗುಂಡಿನ ಹಿಂಭಾಗವನ್ನು ಹೊಡೆಯುವ ಮೊಳೆ. ಎಷ್ಟೋ ಮಾದರಿಗಳಲ್ಲಿ ಅದನ್ನು ತಡೆಯುವ ಅಡ್ಡ ಪಟ್ಟಿ ಇರುವುದಿಲ್ಲ. ಕೈಜಾರಿ ಕಲ್ಲಿನ ನೆಲಕ್ಕೆ ಬಿದ್ದರೂ ಸಿಡಿಯಬಹುದು.

ಹ್ಯಾಮರ್ ಹಿಂದಕ್ಕೆ ಎಳೆದು ನಿಂತಿರುವ ಸ್ಥಿತಿಯಲ್ಲಿ ಸಿಕ್ಕರೆ ಮುಂದೆ ಓದುವುದು ಬೇಡ. ಬಾಗಿಲು ಹಾಕಿ ಠಾಣೆಗೆ ಫೋನ್ ಮಾಡಿ. ಅದನ್ನು ಇಳಿಸುವುದು ನಮ್ಮ ಕೆಲಸವಲ್ಲ.

ಲೈಸೆನ್ಸ್ ಸಿಕ್ಕಿದೆ, ಆದರೆ ಅಪ್ಪನ ಹೆಸರಲ್ಲಿದೆ

ನವೀಕರಣದ ತಾರೀಖು ಇನ್ನೂ ಮುಗಿದಿಲ್ಲ, ಹಾಗಾಗಿ ತೊಂದರೆ ಇಲ್ಲ ಎಂದು ನಮ್ಮಣ್ಣ ವಾದ ಮಾಡಿದ್ದ. ತೊಂದರೆ ಇದೆ. ಲೈಸೆನ್ಸ್ ಕೊಡುವುದು ವ್ಯಕ್ತಿಗೆ, ಮನೆಗಲ್ಲ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಹೀಗೆ ಲೈಸೆನ್ಸಿನ ಆಧಾರ ತಪ್ಪಿದ ಬಂದೂಕನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲಿ ಒಪ್ಪಿಸಬೇಕು. ಗುಂಡುಗಳಿಗೂ ಅದೇ ನಿಯಮ.

ಒಪ್ಪಿಸಿದರೆ ಹೋಯಿತು ಎಂದು ಹೆದರಬೇಡಿ. ಅದು ಠೇವಣಿ. ಲೈಸೆನ್ಸ್ ಆದ ಮೇಲೆ ವಾರಸುದಾರರು ವಾಪಸ್ ಪಡೆಯಬಹುದು. ಬೇಡವಾದರೆ ಲೈಸೆನ್ಸ್ ಇರುವವರಿಗೆ ಮಾರಲೂಬಹುದು. ಆದರೆ ಗಡುವಿನೊಳಗೆ ಯಾರೂ ಹೋಗದಿದ್ದರೆ ಸರ್ಕಾರಕ್ಕೆ ಸೇರುತ್ತದೆ. ರಸೀದಿ ತೆಗೆದುಕೊಳ್ಳಿ. ಅದರಲ್ಲಿ ಕಂಪನಿ ಹೆಸರು, ಬೋರ್ (ನಳಿಗೆಯ ಒಳ ಅಳತೆ), ನಂಬರ್, ಗುಂಡುಗಳ ಲೆಕ್ಕ ಇರಬೇಕು. ನಮ್ಮದರಲ್ಲಿ ಗುಂಡಿನ ಲೆಕ್ಕ ಬಿಟ್ಟುಹೋಗಿತ್ತು, ಅಲ್ಲೇ ನಿಂತು ಬರೆಸಿದೆ.

ಬಂದೂಕು ಯಾವ ಊರಲ್ಲಿದೆಯೋ ಆ ಊರಿನ ಠಾಣೆಗೇ ಮೊದಲು ಫೋನ್ ಮಾಡಿ, ಅವರು ಹೇಳಿದಂತೆ ನಡೆದುಕೊಳ್ಳಿ. ನಾನಿರುವುದು ಧಾರವಾಡದಲ್ಲಿ. ಬ್ಯಾಗಿನಲ್ಲಿ ಹಾಕಿಕೊಂಡು ಬಸ್ ಹತ್ತಿಬಿಡೋಣ ಎನ್ನುವ ವಿಚಾರ ನನಗೂ ಬಂದಿತ್ತು. ಅವ್ವ ಬಾಗಿಲಲ್ಲಿ ಅಡ್ಡ ನಿಂತಳು. "ತಮ್ಮಾ, ಅದನ್ನ ತಗೊಂಡು ಹೊಸ್ತಿಲಾ ದಾಟಬ್ಯಾಡ. ಪೊಲೀಸರು ಇಲ್ಲಿಗೇ ಬರ್ಲಿ." ಅವ್ವ ಕಾನೂನು ಓದಿದವಳಲ್ಲ. ಹೇಳಿದ್ದು ಮಾತ್ರ ಸರಿ.

ಹೊಸ ಲೈಸೆನ್ಸಿಗೆ ಅರ್ಜಿ ಹಾಕುವುದು ನೀವು ವಾಸವಿರುವ ಜಾಗದ ಅಧಿಕಾರಿಗೆ. ಹಾವೇರಿ, ಗದಗ ಜಿಲ್ಲೆಯವರಿಗೆ ಜಿಲ್ಲಾಧಿಕಾರಿ. ಹುಬ್ಬಳ್ಳಿ-ಧಾರವಾಡ ಊರೊಳಗಿನವರಿಗೆ ಪೊಲೀಸ್ ಕಮಿಷನರ್. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಮೊದಲೇ ಜೋಡಿಸಿಟ್ಟುಕೊಳ್ಳಿ. ಒಪ್ಪಿಗೆ ಪತ್ರವೇ ಜಾಸ್ತಿ ದಿನ ಹಿಡಿಯುವುದು. ಅಕ್ಕನ ಸಹಿಗಾಗಿ ನಾನು ಸವಣೂರಿಗೆ ಮೂರು ಸಲ ಹೋಗಿ ಬಂದೆ. ಮನೆಯಲ್ಲಿ ಬಂದೂಕು ಇರುವುದೇ ಆಕೆಗೆ ಇಷ್ಟವಿರಲಿಲ್ಲ. ಆ ಮಾತನ್ನೂ ಕೂತು ಕೇಳಬೇಕಾಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಬಂದೂಕು ಇರುವಂತಿಲ್ಲ. ಹಿರಿಯರಿಂದ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ.

ಲೈಸೆನ್ಸ್ ಎಲ್ಲೂ ಸಿಗುತ್ತಿಲ್ಲ

ಬಾವಿಗೆ ಹಾಕಬೇಡಿ, ಹೊಲದಲ್ಲಿ ಹೂಳಬೇಡಿ, ಗೆಳೆಯನ ಮನೆಯಲ್ಲಿ ಇಡಬೇಡಿ. ಮೊದಲು ಒಬ್ಬ ವಕೀಲರ ಹತ್ತಿರ ಮಾತಾಡಿ, ಅವರ ಜೊತೆಗೇ ಠಾಣೆಗೆ ತಿಳಿಸಿ. ತಾವಾಗಿಯೇ ಬಂದು ಹೇಳಿದವರಿಗೂ ಬಚ್ಚಿಟ್ಟು ಸಿಕ್ಕಿಬಿದ್ದವರಿಗೂ ಬಹಳ ವ್ಯತ್ಯಾಸವಿದೆ. ಹಳೇ ನವೀಕರಣದ ಚಲನ್, ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಿದ ರಸೀದಿ ಇದ್ದರೆ ಹುಡುಕಿ. ನಮ್ಮ ಮನೆಯಲ್ಲಿ ಅಂಥ ಮೂರು ರಸೀದಿ ಪಂಚಾಂಗದ ನಡುವೆ ಸಿಕ್ಕವು.

"ಅದು ಹಳೇ ಕಾಲದ್ದಲ್ವಾ, ಲೈಸೆನ್ಸ್ ಯಾಕೆ?"

ಈ ಮಾತನ್ನು ಕನಿಷ್ಠ ಐದು ಜನ ಹೇಳಿದ್ದಾರೆ. ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಹಳೇ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಎಣ್ಣೆ ಗಟ್ಟಿಯಾಗಿ ಸಿಲಿಂಡರ್ ಹಿಡಿದುಕೊಂಡಿದ್ದರೆ ಅದು ರಿಪೇರಿಗೆ ಬರುವ ದೋಷ. ವಯಸ್ಸು ನೂರಾದರೂ ಲೈಸೆನ್ಸ್ ಬೇಕು. ಕೊಡಗಿನವರಿಗೆ ಇರುವ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಸೇರಿದ್ದು, ನಮ್ಮ ಭಾಗಕ್ಕೆ ಅದು ಇಲ್ಲ.

ಬೋರ್ ಕೂಡ ನೋಡಬೇಕು. .32 ಸಾಮಾನ್ಯ ಲೈಸೆನ್ಸಿನಲ್ಲಿ ಬರುತ್ತದೆ. .38 ಮತ್ತು .455 ನಿಷೇಧಿತ ಬೋರ್‌ಗಳು. ಬ್ರಿಟಿಷ್ ಸೈನ್ಯದ ರಿವಾಲ್ವರುಗಳು ಬಹುತೇಕ ಇವೇ ಎರಡು. ಅಂಥದ್ದು ಸಿಕ್ಕರೆ ವಿಷಯ ಕೇಂದ್ರ ಗೃಹ ಸಚಿವಾಲಯದವರೆಗೆ ಹೋಗುತ್ತದೆ.

ಮನೆಯ ಕಥೆಗೂ ಬಂದೂಕಿನ ಮೇಲಿನ ಗುರುತಿಗೂ ತಾಳೆ ಇಲ್ಲ

ನಮ್ಮ ಕಾಕಾ ಇದನ್ನು "ನರಗುಂದದ ಬಾಬಾಸಾಹೇಬರ ಕಾಲದ್ದು" ಎಂದೇ ಹೇಳುತ್ತಾ ಬಂದವರು. ಆ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. 1857ರಲ್ಲಿ ಆಯುಧ ಕಿತ್ತುಕೊಳ್ಳುವ ಕಾನೂನಿನ ವಿರುದ್ಧ ಹಲಗಲಿಯ ಬೇಡರು ಎದ್ದರು. 1858ರಲ್ಲಿ ಬಾಬಾಸಾಹೇಬರ ನರಗುಂದ, ಜೊತೆಗೆ ಮುಂಡರಗಿ, ಬ್ರಿಟಿಷರ ವಿರುದ್ಧ ಎದ್ದವು. ಈ ಭಾಗದಲ್ಲಿ ಹಳೇ ಆಯುಧ ಇರುವ ಮನೆಯವರು ಅದನ್ನು ಆ ಹೆಸರುಗಳ ಜೊತೆ ಜೋಡಿಸಿಕೊಳ್ಳುವುದು ಸಹಜ.

ಆದರೆ ನಮ್ಮ ರಿವಾಲ್ವರಿನ ಮೇಲೆ ವೆಬ್ಲಿ ಅಂಡ್ ಸ್ಕಾಟ್ ಎಂದಿದೆ. ಆ ಜೋಡಿ ಹೆಸರಿನ ಕಂಪನಿ ಶುರುವಾದದ್ದೇ 1897ರಲ್ಲಿ. ನರಗುಂದದ ಬಂಡಾಯಕ್ಕೂ ಇದಕ್ಕೂ ಸುಮಾರು ನಲವತ್ತು ವರ್ಷದ ಅಂತರ. ನಿಮ್ಮದರ ವಯಸ್ಸು ತಿಳಿಯಲು ಇಂಥ ಗುರುತುಗಳೇ ದಾರಿ. ಬ್ರಿಟಿಷ್ ಸೈನ್ಯ ವೆಬ್ಲಿ ಮಾರ್ಕ್ 1 ತೆಗೆದುಕೊಂಡದ್ದು 1887ರಲ್ಲಿ, ಮಾರ್ಕ್ 6 ಬಂದದ್ದು 1915ರಲ್ಲಿ. ಎನ್‌ಫೀಲ್ಡ್ ನಂಬರ್ 2 ಆಗಿದ್ದರೆ 1932 ಅಥವಾ ಅದರ ಈಚಿನದು. ಕಾಕಾಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಹಂಗಾದ್ರ ನಮ್ಮಪ್ಪನ ಕಾಲದ್ದ ಇರಬೇಕು ಬಿಡು" ಅಂದರು. ನನಗೆ ಅದೇನೂ ಕಡಿಮೆ ಅನಿಸಲಿಲ್ಲ.

ಪುಸ್ತಕದ ನಂಬರ್ ಒಂದು, ಕಬ್ಬಿಣದ ಮೇಲಿನ ನಂಬರ್ ಇನ್ನೊಂದು

ಇದು ಎದೆ ಝಲ್ಲೆನಿಸುವ ಲಕ್ಷಣ. ನಮ್ಮದರಲ್ಲಿ ಲೈಸೆನ್ಸ್ ಪುಸ್ತಕದಲ್ಲಿ ಕೊನೆಯಿಂದ ಎರಡನೇ ಅಂಕಿ 8, ಚೌಕಟ್ಟಿನ ಮೇಲೆ ಕಂಡದ್ದು 3. ಬೇರೆಯವರ ಬಂದೂಕೇನಾದರೂ ಅಪ್ಪನ ಹತ್ತಿರ ಬಂದಿತ್ತೇ ಎಂದು ನನ್ನ ಕೈಕಾಲು ತಣ್ಣಗಾದವು.

ಹವಾಲ್ದಾರರು ಗುಂಡು ತೆಗೆದು ಬೇರೆ ಇಟ್ಟರು. ಆಮೇಲೆ ಬ್ಯಾಟರಿಯನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರು. ಅಂಕಿಯ ಎಡಭಾಗದಲ್ಲಿ ಕಪ್ಪು ಕೆಂಪಿನ ಒಂದು ತೆಳು ಹೆಪ್ಪು ಕಂಡಿತು. ಒದ್ದೆ ಬಟ್ಟೆಯ ತುದಿಯನ್ನು ಅದರ ಮೇಲೆ ಒತ್ತಿ ಎರಡು ನಿಮಿಷ ಬಿಟ್ಟರು. ಒರೆಸಿದಾಗ ಬಟ್ಟೆಗೆ ಕುಂಕುಮ ಹತ್ತಿತು. "ಮೂರಲ್ರಿ, ಎಂಟ ಐತಿ ನೋಡ್ರಿ." ಎಷ್ಟೋ ಖಂಡೇನವಮಿಯ ಕುಂಕುಮ ಆ ಅಂಕಿಯ ಅರ್ಧವನ್ನು ತುಂಬಿಬಿಟ್ಟಿತ್ತು.

ಹಾಗಾಗಿ ನಂಬರ್ ಹೊಂದದಿದ್ದರೆ ಗಾಬರಿಗಿಂತ ಮೊದಲು ಕೊಳೆ ನೋಡಿಸಿ. ಎರಡನೆಯದಾಗಿ, ಸರಿಯಾದ ನಂಬರನ್ನೇ ಓದುತ್ತಿದ್ದೀರಾ ನೋಡಿ. ಹಳೇ ರಿವಾಲ್ವರಿನ ಮೇಲೆ ಪೇಟೆಂಟ್ ನಂಬರ್, ಜೋಡಣೆಯ ಸಣ್ಣ ನಂಬರ್ ಎಲ್ಲ ಇರುತ್ತವೆ. ಲೈಸೆನ್ಸಿಗೆ ಬೇಕಾದದ್ದು ಚೌಕಟ್ಟಿನ ಮೇಲಿನ ಕ್ರಮಸಂಖ್ಯೆ. ಸಿಲಿಂಡರಿನ ಮೇಲೂ ನಂಬರ್ ಇದ್ದು ಅದು ಬೇರೆಯಾಗಿದ್ದರೆ ಯಾವತ್ತೋ ಸಿಲಿಂಡರ್ ಬದಲಾಗಿರಬಹುದು. ಇಷ್ಟಾದರೂ ಹೊಂದದಿದ್ದರೆ ಅಲ್ಲಿಗೆ ನಿಲ್ಲಿಸಿ ವಕೀಲರನ್ನು ಕರೆಯಿರಿ.

ನಂಬರ್ ಕಾಣಲಿ ಎಂದು ಪಾಲಿಶ್ ಪೇಪರ್ ಹಾಕಿ ಉಜ್ಜಬೇಡಿ. ಗುರುತು ಅಳಿಸುವುದನ್ನು 8ನೇ ಸೆಕ್ಷನ್ ನಿಷೇಧಿಸುತ್ತದೆ. ಅಳಿಸಿದ ಬಂದೂಕು ಯಾರ ಹತ್ತಿರ ಸಿಕ್ಕಿತೋ ಅವರೇ ಅಳಿಸಿದ್ದಾರೆ ಎಂದೇ, ಅಲ್ಲವೆಂದು ಸಾಬೀತಾಗುವ ತನಕ, ಕಾನೂನು ತಿಳಿಯುತ್ತದೆ. ಉಜ್ಜಿ ಹಾಳಾದ ಅಂಕಿಯನ್ನು ವಾಪಸ್ ತರುವುದು ನಿಮ್ಮ ಕೈಯಲ್ಲಿಲ್ಲ.

ಹಿಡಿದರೆ ಅಂಟಂಟು, ಹಳದಿ ಗೋಂದಿನಂಥ ಪದರ

ಇದು ಮನೆಯ ಎಣ್ಣೆಯ ಕೆಲಸ. ಅಪ್ಪ ಪ್ರತಿ ವರ್ಷ ಕುಸುಬಿ ಎಣ್ಣೆ ಹಚ್ಚುತ್ತಿದ್ದರು, ಅಡುಗೆಮನೆಯಲ್ಲಿ ಇದ್ದದ್ದು ಅದೇ. ಕುಸುಬಿ, ಅಗಸಿ ಎಣ್ಣೆಗಳು ಗಾಳಿಗೆ ಒಣಗಿ ಗಟ್ಟಿ ಪದರ ಕಟ್ಟುತ್ತವೆ. ಅಗಸಿ ಎಣ್ಣೆಯನ್ನು ಕಟ್ಟಿಗೆಯ ಪಾಲಿಶಿಗೆ ಬಳಸುವುದು ಆ ಗುಣಕ್ಕೇ. ರಿವಾಲ್ವರಿನ ಕೀಲುಗಳಲ್ಲಿ ಅದೇ ಗುಣ ದೋಷವಾಗುತ್ತದೆ. ವರ್ಷವರ್ಷದ ಎಣ್ಣೆ ಒಂದರ ಮೇಲೊಂದು ಕೂತು ಗೋಂದಾಗುತ್ತದೆ, ಧೂಳು ಅದಕ್ಕೆ ಹತ್ತುತ್ತದೆ.

ಈ ಲಕ್ಷಣ ನೋಡಲು ಕೆಟ್ಟದಾದರೂ ಸುದ್ದಿ ಒಳ್ಳೆಯದು. ಪದರದ ಕೆಳಗೆ ಕಬ್ಬಿಣ ಬಹಳ ಸಲ ಚೆನ್ನಾಗಿಯೇ ಉಳಿದಿರುತ್ತದೆ. ಬಂದೂಕು ರಿಪೇರಿಯವರು ಅದಕ್ಕೆ ತಕ್ಕ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಾರೆ. ನೀವು ಸೀಮೆಎಣ್ಣೆಯಲ್ಲಿ ಅದ್ದುವುದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಬೇಡ. ಒಳಗೆ ಗುಂಡಿದ್ದರೆ ಆ ಎಣ್ಣೆ ಗುಂಡಿಗೂ ಇಳಿಯುತ್ತದೆ. ಆಮೇಲೆ ಅದು ಸತ್ತ ಗುಂಡೋ ಜೀವಂತ ಗುಂಡೋ ಯಾರಿಗೂ ಹೇಳಲು ಬರುವುದಿಲ್ಲ.

ತುಕ್ಕು: ಕೆಂಪು, ಕಂದು, ಹಸಿರು

ಬಣ್ಣ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ಎಲ್ಲ ಕಡೆ ಒಂದೇ ಸಮ, ನಯವಾದ ಕಂದು ಬಣ್ಣ ಇದ್ದರೆ ಅದು ವಯಸ್ಸಿನ ಬಣ್ಣ. ಹಾಗೇ ಬಿಡಿ. ಅದನ್ನು ತೆಗೆದು ಫಳಫಳ ಮಾಡಿದರೆ ಹಳೇ ವಸ್ತುವಿನ ಬೆಲೆ ಇಳಿಯುತ್ತದೆ. ಕೆಂಪು ಪುಡಿ ಬೆರಳಿಗೆ ಹತ್ತಿದರೆ ತುಕ್ಕು ಈಗಲೂ ತಿನ್ನುತ್ತಿದೆ. ಚುಕ್ಕಿ ಚುಕ್ಕಿಯಾಗಿ ಗುಳಿ ಬಿದ್ದಿದ್ದರೆ ಒಳಕ್ಕೂ ಇಳಿದಿದೆ.

ನಮ್ಮದರಲ್ಲಿ ಗುಳಿಗಳು ನಾಲ್ಕು ಕಡೆ ಇದ್ದವು, ನಾಲ್ಕೂ ಅರಿಷಿಣ ಕುಂಕುಮ ಹಚ್ಚುತ್ತಿದ್ದ ಜಾಗ. ಪೂಜೆಯಲ್ಲಿ ನೀರು ಚಿಮುಕಿಸುತ್ತೇವೆ, ಕಾಯಿ ಒಡೆದ ನೀರು ಸಿಡಿಯುತ್ತದೆ, ಕುಂಕುಮ ಆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೇ ಸುತ್ತಿ ಟ್ರಂಕಿಗೆ ಹಾಕಿದರೆ ಕಬ್ಬಿಣಕ್ಕೆ ಇನ್ನೇನು ಬೇಕು?

ಹಸಿರು ಬಣ್ಣ ಹಿತ್ತಾಳೆಯ ಕಿಲುಬು. ಚರ್ಮದ ಚೀಲದಲ್ಲಿಟ್ಟ ಗುಂಡುಗಳಿಗೆ ಇದು ಜಾಸ್ತಿ. ಚರ್ಮ ಹದ ಮಾಡುವಾಗ ಬಳಸಿದ ಆಮ್ಲ, ಮಳೆಗಾಲದ ತೇವ ಎರಡೂ ಸೇರಿ ಹಿತ್ತಾಳೆಯನ್ನು ತಿನ್ನುತ್ತವೆ. ಕಿಲುಬು ಹಿಡಿದ ಗುಂಡನ್ನು ತಿಕ್ಕಬೇಡಿ, ಬಿಚ್ಚಬೇಡಿ, ಬಳಸಬೇಡಿ. ಎಣಿಸಿ ಠಾಣೆಗೆ ಕೊಡಿ.

ಹೊರಗೆ ಚೆನ್ನಾಗಿದ್ದು ನಳಿಗೆಯ ಒಳಗೆ ಮಾತ್ರ ತುಕ್ಕು ತಿಂದಿದ್ದರೆ ಅದಕ್ಕೆ ಹಳೇ ಗುಂಡುಗಳು ಕಾರಣವಿರಬಹುದು. ಅವುಗಳ ಕ್ಯಾಪಿನಲ್ಲಿ, ಅಂದರೆ ಹ್ಯಾಮರಿನ ಏಟಿಗೆ ಕಿಡಿ ಹೊತ್ತುವ ಹಿಂಭಾಗದ ಸಣ್ಣ ಬಟ್ಟಲಿನಲ್ಲಿ, ಇದ್ದ ರಾಸಾಯನಿಕ ಸಿಡಿದ ಮೇಲೆ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಒಳಗಿಂದ ತಿನ್ನುತ್ತದೆ.

ತೆರೆಯುತ್ತಲೇ ಇಲ್ಲ

ವೆಬ್ಲಿ ರಿವಾಲ್ವರ್ ನಡುವೆ ಮುರಿದಂತೆ ಬಾಗಿ ತೆರೆದುಕೊಳ್ಳುತ್ತದೆ. ಎಡಗಡೆ ಹೆಬ್ಬೆರಳಿಗೆ ಸಿಗುವ ಚಿಲಕ ಇರುತ್ತದೆ. ಬೇರೆ ಹಲವು ಕಂಪನಿಗಳ ರಿವಾಲ್ವರುಗಳಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಯಾವುದೇ ಇರಲಿ, ಹೆಬ್ಬೆರಳಿನ ಸಾಧಾರಣ ಒತ್ತಿಗೆ ಬಾರದಿದ್ದರೆ ಕಾರಣ ಮೂರರಲ್ಲಿ ಒಂದು: ಗೋಂದಾದ ಎಣ್ಣೆ, ಕೀಲಿನ ತುಕ್ಕು, ಇಲ್ಲವೇ ಕಿಲುಬು ಹಿಡಿದು ಕಚ್ಚಿಕೊಂಡ ಗುಂಡು. ಮೂರನೆಯದಾಗಿದ್ದರೆ ಸುತ್ತಿಗೆಯ ಒಂದು ಏಟು ಸಾಕು ಅನಾಹುತಕ್ಕೆ. ಹೊರಗಿನಿಂದ ಮೂರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಕೈ ಬಿಡಬೇಕು.

ಯಾರಿಗೆ ಒಯ್ಯಬೇಕು ಎನ್ನುವುದೂ ಮುಖ್ಯ. ಹುಬ್ಬಳ್ಳಿಯ ಗೋಕುಲ ರೋಡಿನ ಲೇತ್ ಅಂಗಡಿಗಳಲ್ಲಿ ಎಂಥ ಭಾಗ ಬೇಕಾದರೂ ತಿರುವಿ ಕೊಡುವ ಕೈಗಳಿವೆ, ನನಗೆ ಅವರ ಮೇಲೆ ಬಹಳ ಗೌರವ. ಆದರೆ ಬಂದೂಕು ರಿಪೇರಿಗೆ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಸುಮ್ನೆ ಪರಿಚಯದ ಮೇಲೆ ಕೊಟ್ಟರೆ ಅವರನ್ನೂ ಕಷ್ಟಕ್ಕೆ ಸಿಕ್ಕಿಸಿದಂತೆ.

ಸಿಲಿಂಡರ್ ತಿರುಗುತ್ತಿಲ್ಲ

ನಾನು ಶುರು ಮಾಡಿದ್ದೇ ಇಲ್ಲಿಂದ. ಎಷ್ಟೋ ಸಲ ಇದು ದೋಷವೇ ಅಲ್ಲ. ಹಲವು ರಿವಾಲ್ವರುಗಳಲ್ಲಿ ಸುಮ್ಮನೆ ಇಟ್ಟಾಗ ಒಂದು ಸಣ್ಣ ಹಲ್ಲು ಸಿಲಿಂಡರಿನ ಗುಂಡಿಯಲ್ಲಿ ಕೂತು ಅದನ್ನು ಕಟ್ಟಿಹಾಕಿರುತ್ತದೆ. ಹ್ಯಾಮರ್ ಹಿಂದೆ ಹೋಗುವಾಗ ಮಾತ್ರ ಆ ಹಲ್ಲು ಬಿಟ್ಟು ತಿರುಗುತ್ತದೆ. ಅಂಥದ್ದರಲ್ಲಿ ಕೈಯಿಂದ ಸಲೀಸಾಗಿ ತಿರುಗಿದರೇ ದೋಷ. ಹಲ್ಲು ಸವೆದಿದೆ ಅಥವಾ ಅದರ ಸ್ಪ್ರಿಂಗ್ ಮುರಿದಿದೆ ಎಂದರ್ಥ.

ನಿಜವಾಗಿಯೂ ಹಿಡಿದುಕೊಂಡಿದ್ದರೆ ಗೋಂದು, ತುಕ್ಕು ಇಲ್ಲವೇ ಹಿಂದಕ್ಕೆ ಸರಿದು ಚೌಕಟ್ಟಿಗೆ ತಾಗುತ್ತಿರುವ ಗುಂಡು. ನಮ್ಮದರಲ್ಲಿ ಬರೀ ಗೋಂದು.

ಸಿಲಿಂಡರ್ ಗಡಗಡ ಅಲ್ಲಾಡುತ್ತದೆ, ಹ್ಯಾಮರ್ ನಿಲ್ಲುವುದಿಲ್ಲ

ಇವೆರಡು ಸವೆತದ ಲಕ್ಷಣ. ಗುಂಡಿನ ಮನೆ ನಳಿಗೆಗೆ ಸರಿಯಾಗಿ ಎದುರು ಬಂದು ನಿಲ್ಲದಿದ್ದರೆ ಗುಂಡು ನಳಿಗೆಯ ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ. ಹಿಂದಕ್ಕೆ ಎಳೆದ ಹ್ಯಾಮರ್ ಸ್ವಲ್ಪ ತಳ್ಳಿದರೆ ಬಿದ್ದುಬಿಡುತ್ತದೆ ಎಂದರೆ ಒಳಗಿನ ಕಚ್ಚು ಸವೆದಿದೆ. ಇದನ್ನು ಮನೆಯಲ್ಲಿ ಪರೀಕ್ಷೆ ಮಾಡಬೇಡಿ. ಚೌಕಟ್ಟಿನಲ್ಲಿ ಬಿರುಕು, ನಳಿಗೆಯಲ್ಲಿ ಉಂಗುರದಂತೆ ಉಬ್ಬು ಕಂಡರೆ ಆ ರಿವಾಲ್ವರಿನಿಂದ ಇನ್ನು ಗುಂಡು ಹಾರಿಸುವಂತಿಲ್ಲ. ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಖಾಲಿ ಮಾಡಿಸಿದ ಮೇಲೆ ರಿಪೇರಿಯವರು ನಳಿಗೆ ನೋಡಲಿ.

ಹಿಡಿ ಬಿರುಕು ಬಿಟ್ಟಿದ್ದರೆ, ಕಪ್ಪು ಹೋಗಿ ಕಂದಾಗಿದ್ದರೆ ಅದು ಹಳೇ ಗಟ್ಟಿ ರಬ್ಬರಿನ ಸ್ವಭಾವ. ಆನೆ ದಂತದ ಹಿಡಿಯಾಗಿದ್ದರೆ ಮಾತ್ರ ಅರಣ್ಯ ಇಲಾಖೆಯಲ್ಲೂ ವಿಚಾರಿಸಿ.

"ಎಲ್ಲ ಸರಿಹೋಯ್ತು, ಒಂದು ಗುಂಡು ಹಾರಿಸಿ ನೋಡೋಣ್ವಾ?"

ಬೇಡ. ಹಳೇ ಬ್ರಿಟಿಷ್ ಬಂದೂಕುಗಳ ಮೇಲೆ ಪರೀಕ್ಷಾ ಮನೆಯ ಸಣ್ಣ ಕಿರೀಟದ ಗುರುತು ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರಿಂದ ಇದೆ. ಕಿರೀಟದ ಕೆಳಗೆ ಎನ್‌ಪಿ ಅಕ್ಷರ ಇದ್ದರೆ ಹೊಗೆ ಇಲ್ಲದ ಹೊಸ ಮದ್ದಿಗೆ ಪರೀಕ್ಷೆಯಾಗಿದೆ. ಅದು ಇಲ್ಲದಿದ್ದರೆ ಕಪ್ಪು ಮದ್ದಿನ ಕಾಲದ್ದಿರಬಹುದು, ಇಂದಿನ ಗುಂಡಿನ ಒತ್ತಡ ತಾಳದಿರಬಹುದು. .32 ಎಂದು ಬರೆದ ಗುಂಡುಗಳಲ್ಲೇ ಹಲವು ಜಾತಿ ಇವೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಗುರುತು ಸರಿ ಇದ್ದರೂ ಆ ಪರೀಕ್ಷೆಯಾಗಿ ಎಷ್ಟೋ ದಶಕ ಕಳೆದಿವೆ, ನಡುವೆ ತುಕ್ಕು ಎಷ್ಟು ತಿಂದಿದೆಯೋ. ಹಾರಿಸಬಹುದೇ ಎಂದು ಹೇಳಬೇಕಾದವರು ಒಳಗೆಲ್ಲ ಬಿಚ್ಚಿ ಅಳೆದು ನೋಡಿದವರು.

ನನ್ನ ಹೆಸರಲ್ಲಿ ಲೈಸೆನ್ಸ್ ಆದ ಮೇಲೆ ವ್ಯಾಪಾರಿಯ ಹತ್ತಿರ ರಿವಾಲ್ವರ್ ಬಿಚ್ಚಿಸಿ ತೊಳೆಸಿದೆ. ಗುಳಿಗಳು ಹಾಗೇ ಇವೆ, ತೆಗೆಯಬೇಡಿ ಎಂದು ನಾನೇ ಹೇಳಿದೆ. ಈಗ ಅದು ಟ್ರಂಕಿನಲ್ಲಿಲ್ಲ. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ತೇವ ಎಳೆಯುವ ಸಿಲಿಕಾ ಪುಡಿಕೆಯ ಜೊತೆ ಇದೆ. ಮನೆಯಲ್ಲಿ ಗುಂಡು ಇಟ್ಟಿಲ್ಲ. ಧಾರವಾಡದ ಮಳೆ ಹಿಡಿದಾಗ ತಿಂಗಳಿಗೊಮ್ಮೆ ತೆಗೆದು, ಖಾಲಿ ಇದೆಯೇ ಎಂದು ಮತ್ತೆ ನೋಡಿ, ಬೆರಳಿನ ಗುರುತು ಉಳಿಯದಂತೆ ಒರೆಸಿ, ಬಂದೂಕಿನ ತೆಳು ಎಣ್ಣೆ ಸವರುತ್ತೇನೆ. ಒರೆಸುವುದು ಅದೇ ಧೋತರದ ತುಂಡಿನಲ್ಲಿ, ಒಗೆದು ಒಣಗಿಸಿದ್ದು.

ಈ ಸಲದ ಖಂಡೇನವಮಿಗೆ ಅವ್ವ ಕುಂಕುಮದ ಬಟ್ಟಲು ಹಿಡಿದು ಬಂದಳು. ನಾನು ಏನೂ ಹೇಳುವ ಮೊದಲೇ ಮುಚ್ಚಿದ ಪೆಟ್ಟಿಗೆಯ ಬಾಗಿಲಿಗೆ ಮೂರು ಬೊಟ್ಟು ಇಟ್ಟು, ಮೇಲೊಂದು ಚೆಂಡು ಹೂವು ಇರಿಸಿದಳು.